ಪಟ್ಟಿಗೆ ಸೇರಿಸುವ ಮುನ್ನ

ನಮ್ಮ ಬಳಗದ ವಿದ್ಯಾರ್ಥಿಗಳು ಬ್ಲೂಸ್ಕೈ ಜಾಲತಾಣದಲ್ಲಿ ಪ್ರಕಟಿಸಲೆಂದು, ಈ ತಾಲ್ಲೂಕಿನ ಕಾಡು-ಹೊಳೆಗಳ ಬಗ್ಗೆ ಬರೆಯುವವರ ಪಟ್ಟಿಯೊಂದನ್ನು ಸಿದ್ಧಪಡಿಸಿ ನನಗೆ ತೋರಿಸಿದರು. ಸಸ್ಯಶಾಸ್ತ್ರಜ್ಞರು, ಕಪ್ಪೆ-ಹಕ್ಕಿಗಳ ಅಧ್ಯಯನಕಾರರು, ಛಾಯಾಗ್ರಾಹಕರು ಅದರಲ್ಲಿದ್ದರು. (ನನ್ನ ಹೆಸರು ನಾಲ್ಕನೆಯದು, ಅದಕ್ಕೆ ನಾನು ಆಕ್ಷೇಪಿಸಲಿಲ್ಲ!) ಕೊನೆಯಲ್ಲಿ, ಹಳ್ಳದ ದಂಡೆಯ ಕಲ್ಲುಕ್ವಾರಿಯ ಚಿತ್ರಗಳನ್ನು ಹೆಸರು ಮರೆಸಿ ಹಾಕುತ್ತಿರುವ ಗೃಹಿಣಿಯೊಬ್ಬರ ಖಾತೆಯೂ ಇತ್ತು. ಅವರನ್ನು ಕೇಳಿದಿರಾ ಎಂದೆ. ಕೇಳಿರಲಿಲ್ಲ.

ಇಂತಹ ಪಟ್ಟಿಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು. 2019ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ್ದನ್ನು ವಿರೋಧಿಸಿ ಅನೇಕ ಭಾರತೀಯರು ಮ್ಯಾಸ್ಟೊಡಾನ್ ಎಂಬ ಜಾಲಕ್ಕೆ ಹೋದರು. ಅದು ಒಂದೇ ಕಂಪನಿಯ ಸ್ವತ್ತಲ್ಲ. ಬೇರೆ ಬೇರೆಯವರು ನಡೆಸುವ ಸಹಸ್ರಾರು ಸರ್ವರ್‌ಗಳ ಕೂಟ. ಆದರೆ ಅಲ್ಲಿ ಪರಿಚಿತ ಮುಖಗಳು ಕಾಣದೆ ಹಲವರು ಬೇಗನೆ ಸುಮ್ಮನಾದರು. ಈ ಕೊರತೆಯನ್ನು ತುಂಬಲೆಂದೇ ಬ್ಲೂಸ್ಕೈ 2024ರ ಜೂನ್‌ನಲ್ಲಿ ‘ಸ್ಟಾರ್ಟರ್ ಪ್ಯಾಕ್’ಗಳನ್ನು ತಂದಿತು. ಯಾರು ಬೇಕಾದರೂ 150 ಖಾತೆಗಳವರೆಗೆ ಆಯ್ದು ಕಟ್ಟಿಡಬಹುದು. ಹೊಸಬರು ಒಂದೇ ಒತ್ತಿಗೆ ಅವರೆಲ್ಲರನ್ನೂ ಹಿಂಬಾಲಿಸಬಹುದು. ಆ ವರ್ಷದ ನವೆಂಬರಿನಲ್ಲಿ ಅಲ್ಲಿನ ಬಳಕೆದಾರರ ಸಂಖ್ಯೆ 2 ಕೋಟಿ ದಾಟಿದಾಗ, ವಿಜ್ಞಾನಿಗಳು ಪರಸ್ಪರರನ್ನು ಕಂಡುಕೊಂಡದ್ದು ಬಹುಮಟ್ಟಿಗೆ ಇವುಗಳ ಮೂಲಕವೇ. ಕಂಪನಿಯ ಲೆಕ್ಕಾಚಾರದ ಬದಲು ಬಲ್ಲವರ ಶಿಫಾರಸು ದಾರಿ ತೋರಿಸುವುದು ಒಳ್ಳೆಯದೇ.

ಆದರೆ ಮ್ಯಾಸ್ಟೊಡಾನ್‌ನಲ್ಲಿ ನಾವು ನಮಗಾಗಿ ಮಾಡಿಕೊಳ್ಳುವ ಪಟ್ಟಿ ನಮಗಷ್ಟೇ ಕಾಣುತ್ತದೆ. ಬ್ಲೂಸ್ಕೈನ ಪಟ್ಟಿ ಬಹಿರಂಗ. ಸೇರಿಸಲು ಯಾರ ಒಪ್ಪಿಗೆಯೂ ಬೇಕಿಲ್ಲ. ಪಟ್ಟಿ ಮಾಡಿ ಇಡೀ ಗುಂಪನ್ನು ಒಮ್ಮೆಗೇ ದೂರವಿಡುವ ವ್ಯವಸ್ಥೆಯೂ ಅಲ್ಲಿದೆ. ನಾವು ಪರಿಚಯಕ್ಕೆಂದು ಕಟ್ಟಿದ್ದನ್ನು ಕ್ವಾರಿಯವರು ಎದುರಾಳಿಗಳ ಹಾಜರಿಪುಸ್ತಕವಾಗಿ ಓದಿಕೊಂಡರೆ ತಡೆಯುವವರಾರು? ಹೆಸರು ಮರೆಸಿದ ಖಾತೆಯನ್ನು ತಾಲ್ಲೂಕಿನ ಹೆಸರು ಹೊತ್ತ ಪಟ್ಟಿಗೆ ಸೇರಿಸಿದೊಡನೆ ಅರ್ಧ ಗುರುತು ಬಯಲಾದಂತೆಯೇ. ಉಳಿದರ್ಧವನ್ನು ಹಳ್ಳಿಯಲ್ಲಿ ಪತ್ತೆಹಚ್ಚಲು ಒಂದು ಸಂಜೆ ಸಾಕು.

ಇನ್ನೊಂದು ಲೋಪವೂ ಕಣ್ಣಿಗೆ ಬಿತ್ತು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ದಿನವೂ ಕನ್ನಡದಲ್ಲಿ ಬರೆಯುವ ಕೃಷಿಕರೊಬ್ಬರೂ ಆ ಪಟ್ಟಿಯಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದು ಈಗಾಗಲೇ ಹೆಸರಾದವರಿಗೇ ಇನ್ನಷ್ಟು ಓದುಗರನ್ನು ಒದಗಿಸಿಕೊಡುವ ಕೆಲಸಕ್ಕೆ ನಮ್ಮ ಬಳಗವೇ ಬೇಕೆ?

ವಿದ್ಯಾರ್ಥಿಗಳು ಬೇಸರಿಸಿಕೊಳ್ಳದೆ ಪ್ರತಿಯೊಬ್ಬರಿಗೂ ಬರೆದು ಕೇಳಿದರು. ಉತ್ತರಿಸದವರನ್ನು ಕೈಬಿಟ್ಟರು. ಆ ಗೃಹಿಣಿ ಬೇಡವೆಂದರು. ಅವರ ಖಾತೆಯನ್ನು ತೆಗೆದೆವು. ಪಟ್ಟಿಯ ಹೆಸರಿನಿಂದ ತಾಲ್ಲೂಕನ್ನೂ ತೆಗೆದು ‘ಮಲೆನಾಡು’ ಎಂದಿಟ್ಟಿದ್ದೇವೆ. ಈಗ ಜಾಗ ಸಾಕಷ್ಟಿದೆ. ಕನ್ನಡದಲ್ಲಿ ಬರೆಯುತ್ತಿರುವ ಕೃಷಿಕರು ಸೇರಬಯಸಿದರೆ ನಮಗೊಂದು ಕಾರ್ಡು ಹಾಕಿ.