ಎಂಜಲು ಸುರಿದ ಲೋಟಕ್ಕೆ ಅಂಕ ಹಾಕುವವರು

ರುಚಿಗೆ ಜಾತಿಯಿಲ್ಲ, ವರ್ಗವಿಲ್ಲ, ಅದು ಅವರವರ ನಾಲಗೆಗೆ ಬಿಟ್ಟದ್ದು ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಸಾಹಿತ್ಯದಲ್ಲಿ ಇವರನ್ನು ನಾವು ಚೆನ್ನಾಗಿ ಬಲ್ಲೆವು. ನಮ್ಮವನೊಬ್ಬ ಕೇರಿಯ ಮಾತಿನಲ್ಲಿ ಒಂದು ಕತೆ ಬರೆದರೆ 'ವಸ್ತು ಪರವಾಗಿಲ್ಲ, ಕಲೆಗಾರಿಕೆ ಸಾಲದು' ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುವ ಸಹೃದಯರು ಇವರು. ಇವರ ಅಣ್ಣತಮ್ಮಂದಿರು ಬಿಯರಿನ ಲೋಕದಲ್ಲೂ ಇದ್ದಾರೆ. ಅಲ್ಲಿ ಅವರನ್ನು ಜಡ್ಜ್ ಅಂತಾರೆ. ಕೈಯಲ್ಲೊಂದು ಹಾಳೆ, ಒಂದು ಪೆನ್ಸಿಲ್ಲು, ಹಂಚಲು 50 ಅಂಕ. ಇಂಗ್ಲೆಂಡಿನ ಕೂಲಿಕಾರರು ತಲೆಮಾರುಗಳ ಕಾಲ ಕುಡಿದ 'ಮೈಲ್ಡ್' ಎಂಬ ಬಿಯರು ಈ ನಾಲಗೆಗಳ ಕೈಗೆ ಸಿಕ್ಕಿ ಏನಾಯಿತು ಎಂದು ನೋಡಿದರೆ ಸಾಕು, ರುಚಿಯ ಹಿಂದಿನ ರಾಜಕೀಯ ಬೆತ್ತಲಾಗುತ್ತದೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಕುಡಿತದ ಪರವಾದ ವಕಾಲತ್ತಲ್ಲ. ಸಾರಾಯಿ ಅಂಗಡಿ ನಮ್ಮ ಕೇರಿಗಳಿಗೆ ಏನು ಮಾಡಿತು ಎಂಬುದನ್ನು ನಮ್ಮ ತಾಯಂದಿರನ್ನು ಕೇಳಬೇಕು. ಅದರ ವಿರುದ್ಧ ದಲಿತ ಚಳವಳಿ ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ಇಲ್ಲಿನ ಪ್ರಶ್ನೆ ಬೇರೆ. ದುಡಿಯುವವರ ವಸ್ತುವಿಗೆ ಬೆಲೆ ಕಟ್ಟುವ ಹಕ್ಕು ಯಾರದು? ಯಾವ ಅಳತೆಗೋಲಿನಿಂದ?

ಮೈಲ್ಡ್ ಎಂದರೇನು? ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸಿ, ಕೊಂಚ ಭಾಗವನ್ನು ಕಂದುಗಟ್ಟುವ ಹಾಗೆ ಹುರಿದು, ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ಬಸಿಯುತ್ತಾರೆ. ರಾಗಿ ಮೊಳಕೆ ಕಟ್ಟಿ ಹುರಿದು ಮಾಲ್ಟ್ ಮಾಡುವ ಮನೆಯವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಆ ರಸಕ್ಕೆ ಹಾಪ್ ಎಂಬ ಕಹಿ ಹೂವನ್ನು ಸ್ವಲ್ಪವೇ ಹಾಕಿ ಕುದಿಸಿ, ಯೀಸ್ಟ್ ಬಿಟ್ಟು ಹುದುಗಿಸುತ್ತಾರೆ. ಬಸಿದು ಉಳಿದ ಕಾಳು ದನಕ್ಕೆ ಬೂಸಾ ಆಗಿ ಹೋಗುತ್ತದೆ. ಕಹಿ ಕಡಿಮೆ, ಅಮಲು ಕಡಿಮೆ, ಬೆಲೆಯೂ ಕಡಿಮೆ. ವುಲ್ವರ್‌ಹ್ಯಾಂಪ್ಟನ್, ಡಡ್ಲಿ ಸುತ್ತಿನ ಬ್ಲ್ಯಾಕ್ ಕಂಟ್ರಿಯ ಎರಕದ ಮನೆಗಳಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ, ಲ್ಯಾಂಕಷೈರಿನ ಬಟ್ಟೆ ಗಿರಣಿಗಳಲ್ಲಿ ದುಡಿದವರು ಇದನ್ನು ಪಿಂಟುಗಟ್ಟಲೆ ಕುಡಿದರು. ಒಂದು ಪಿಂಟ್ ಅಂದರೆ 568 ಮಿಲಿಲೀಟರ್. ಬೆಂಕಿಯ ಮುಂದೆ ದಿನವೆಲ್ಲ ಬೆವರು ಹರಿಸಿದ ಮೈಗೆ ನೀರೂ ಬೇಕಿತ್ತು, ಒಂದಿಷ್ಟು ಸಿಹಿಯೂ ಬೇಕಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಏಳುವಷ್ಟು ಎಚ್ಚರವೂ ಬೇಕಿತ್ತು.

'ತೆಳು ಬಿಯರು, ನೀರು ನೀರು' ಎಂದು ಮೂಗು ಮುರಿಯುವವರು ಒಂದು ಚರಿತ್ರೆಯನ್ನು ಮುಚ್ಚಿಡುತ್ತಾರೆ. ಮೈಲ್ಡ್ ಹುಟ್ಟಾ ತೆಳುವಾಗಿರಲಿಲ್ಲ. ಆ ಮಾತಿನ ಮೊದಲ ಅರ್ಥ ಹೊಸದು, ಹಳಸದ್ದು, ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡದೆ ಬೇಗ ಮಾರಿದ್ದು ಎಂದಷ್ಟೇ. ಹತ್ತೊಂಬತ್ತನೆಯ ಶತಮಾನದ ಮೈಲ್ಡು ಈಗಿನದಕ್ಕಿಂತ ಬಹಳ ಬಲವಾಗಿತ್ತು. ಕಪ್ಪಾಗಿಯೇ ಇರಬೇಕೆಂಬ ನಿಯಮವೂ ಇರಲಿಲ್ಲ. ಅದನ್ನು ತೆಳು ಮಾಡಿದ್ದು ಯುದ್ಧ ಮತ್ತು ಸರ್ಕಾರ. 1880ರಿಂದ ಇಂಗ್ಲೆಂಡಿನಲ್ಲಿ ಬಿಯರಿನ ತೆರಿಗೆ ಅದರ ಸಿಹಿರಸದ ಸಾಂದ್ರತೆಯ ಮೇಲೆ ನಿಂತಿತ್ತು. ಗಟ್ಟಿಯಾದಷ್ಟೂ ತೆರಿಗೆ ಹೆಚ್ಚು. 1914ರಲ್ಲಿ ಯುದ್ಧ ಶುರುವಾದಾಗ ಬ್ಯಾರೆಲಿಗೆ 7 ಷಿಲಿಂಗ್ 9 ಪೆನ್ಸ್ ಇದ್ದ ತೆರಿಗೆ ಆ ವರ್ಷವೇ 23 ಷಿಲಿಂಗ್ ಆಯಿತು. 1920ಕ್ಕೆ 100 ಷಿಲಿಂಗ್. ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಬಾರದೆಂದು 1915ರಲ್ಲಿ ನಿಯಂತ್ರಣ ಮಂಡಲಿ ಬಂತು. ಪಬ್ಬುಗಳ ವೇಳೆ ಕತ್ತರಿಸಿದರು. ಮಧ್ಯಾಹ್ನ ಬಾಗಿಲು ಹಾಕುವ ಆ ಪದ್ಧತಿ 1988ರವರೆಗೂ ಉಳಿಯಿತು. ಒಬ್ಬ ಕೂಲಿಕಾರ ಇನ್ನೊಬ್ಬನಿಗೆ ಒಂದು ಲೋಟ ಕೊಡಿಸುವುದನ್ನು ಕೂಡ ಆ ಮಂಡಲಿ ಅಪರಾಧ ಮಾಡಿತು! ಕಾಳಿಗೆ ಕತ್ತರಿ, ಸಕ್ಕರೆಗೆ ಕತ್ತರಿ. ಹೀಗೆ ಮೇಲಿನವರು ತೆಳು ಮಾಡಿದ ಬಿಯರನ್ನು ಕೆಳಗಿನವರು ಕುಡಿದರು. ಆಮೇಲೆ ಅದೇ ಮೇಲಿನವರು 'ಇವರಿಗೆ ರುಚಿಯೇ ಗೊತ್ತಿಲ್ಲ, ತೆಳು ಬಿಯರು ಕುಡಿತಾರೆ' ಅಂದರು. ಓದಲು ಬಿಡದೆ ಇಟ್ಟು, ಆಮೇಲೆ 'ಇವರಿಗೆ ಬುದ್ಧಿ ಇಲ್ಲ' ಎಂದ ನಮ್ಮೂರ ನ್ಯಾಯಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪಬ್ಬಿನ ಒಳಗಿನ ಗೋಡೆಯನ್ನೂ ನೋಡಬೇಕು. ಒಂದೇ ಕಟ್ಟಡಕ್ಕೆ ಎರಡು ಬಾಗಿಲು. ಒಂದು ಸಾರ್ವಜನಿಕ ಬಾರ್: ಹಲಗೆಯ ನೆಲ, ಮರದ ಬೆಂಚು, ಕೆಲಸದ ಬಟ್ಟೆಯಲ್ಲೇ ಬಂದವರು. ಇನ್ನೊಂದು ಸಲೂನ್: ಕಂಬಳಿ ಹಾಸಿದ ನೆಲ, ಮೆತ್ತೆ ಕುರ್ಚಿ, ಮೇಲಂಗಿಯವರು. ಅದೇ ಪೀಪಾಯಿಯ ಅದೇ ಬಿಯರಿಗೆ ಸಲೂನಿನಲ್ಲಿ ಹೆಚ್ಚಿನ ಬೆಲೆ. ಬಿಯರು ಬದಲಾಗಲಿಲ್ಲ, ಕೂತ ಜಾಗ ಬದಲಾಯಿತು, ರುಚಿ 'ಹೆಚ್ಚಾಯಿತು'. ಇನ್ನು ಕೇಳಿ: ಲೋಟದಲ್ಲಿ ಉಳಿದದ್ದು, ತಟ್ಟೆಗೆ ಚೆಲ್ಲಿದ್ದು, ಇವನ್ನೆಲ್ಲ ಕೂಡಿಸಿ ಮತ್ತೆ ಪೀಪಾಯಿಗೆ ಸುರಿಯುವ ಮಾಲಿಕರಿದ್ದರು. ಯಾವ ಪೀಪಾಯಿಗೆ? ಮೈಲ್ಡಿನ ಪೀಪಾಯಿಗೆ. ಯಾಕೆಂದರೆ ಅದು ಕಪ್ಪು, ಅದರಲ್ಲಿ ಕಲಬೆರಕೆ ಕಾಣುವುದಿಲ್ಲ. ಎಂಜಲನ್ನು ಬಡವನ ಲೋಟಕ್ಕೆ ಸುರಿದು, ಬಡವನ ಬಿಯರು ಕೊಳಕು ಎಂದು ಹೆಸರಿಟ್ಟರು.

ಈಗ ಅಂಕದ ಹಾಳೆಗೆ ಬರೋಣ. ಅಮೆರಿಕದಲ್ಲಿ 1985ರಲ್ಲಿ ಹುಟ್ಟಿದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಮ್ ಎಂಬ ಸಂಸ್ಥೆಯ ಹಾಳೆಯಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟು ಪರಿಣಾಮಕ್ಕೆ 10 ಅಂಕ. ಡಾರ್ಕ್ ಮೈಲ್ಡ್ ಅಲ್ಲಿ 13ಎ ಎಂಬ ವರ್ಗ, ಆಲ್ಕೊಹಾಲ್ 3.0ರಿಂದ 3.8 ಪರ್ಸೆಂಟಿನ ಒಳಗಿರಬೇಕು. ನ್ಯಾಯವಾಗಿ ಹೇಳಬೇಕೆಂದರೆ ಹಾಳೆಯ ನಿಯಮ ಕೆಟ್ಟದ್ದಲ್ಲ. ಪ್ರತಿ ಬಿಯರನ್ನೂ ಅದರದೇ ಜಾಡಿನಲ್ಲಿ ಅಳೆಯಿರಿ ಎನ್ನುತ್ತದೆ. ನಿಯಮ ಚೆನ್ನಾಗಿಯೇ ಇರುತ್ತದೆ. ಸಂವಿಧಾನದ 17ನೆಯ ವಿಧಿಯೂ ಚೆನ್ನಾಗಿದೆ! ಕೇಳಬೇಕಾದ್ದು, ಪೆನ್ಸಿಲ್ಲು ಹಿಡಿದ ಕೈ ಯಾರದು ಎಂದು. ಜಡ್ಜ್ ಕುಡಿಯುವುದು ಎರಡು ಮೂರು ಗುಟುಕು. ಆ ಮೂರು ಗುಟುಕಿನಲ್ಲಿ ಬಾಯಿಗೆ ಹೊಡೆಯುವ ಬಿಯರೇ ಗೆಲ್ಲುತ್ತದೆ: ಅತಿ ಕಹಿ, ಅತಿ ಅಮಲು, ಅತಿ ಘಾಟು. ಮೈಲ್ಡಿನ ಗುಣ ಮೂರನೆಯ ಗುಟುಕಿನಲ್ಲಿ ಇಲ್ಲವೇ ಇಲ್ಲ. ಅದು ಮೂರನೆಯ ಪಿಂಟಿನಲ್ಲಿದೆ. ಮಾತು ನಡೆಯುತ್ತಿರುವಾಗ, ಸಂಘದ ಚಂದಾ ಎಣಿಸುತ್ತಿರುವಾಗ, ಬಾಯಿಗೆ ಬೇಸರ ತರದೆ ಜೊತೆಗಿರುವ ಗುಣ ಅದು. ಅದಕ್ಕೆ ಹಾಳೆಯಲ್ಲಿ ಅಂಕ ಎಲ್ಲಿದೆ? 'ಒಟ್ಟು ಪರಿಣಾಮ' ಎಂಬ ಕೊನೆಯ 10ರಲ್ಲಿ ಎಲ್ಲೋ ಒಂದು ಮೂಲೆಯಲ್ಲಿ.

ಇದರಿಂದ ಮೈಲ್ಡಿಗೆ ಕಣ್ಣು ಮುಚ್ಚಿ ಅಂಕ ಹಾಕಿ ಎಂದು ನಾನು ಹೇಳುತ್ತಿಲ್ಲ. ಕರುಣೆಯ ಅಂಕ ನಮಗೂ ಬೇಡ, ಅದಕ್ಕೂ ಬೇಡ. ಕೆಟ್ಟ ಮೈಲ್ಡ್ ಕೆಟ್ಟದ್ದೇ. ಸರಿಯಾಗಿ ನೋಡುವ ಕ್ರಮ ಹೀಗೆ. ಐಸಿನಲ್ಲಿಟ್ಟು ಕೊಲ್ಲಬೇಡಿ, ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ ಸಾಕು. ಬೆಳಕಿಗೆ ಹಿಡಿದರೆ ಕಪ್ಪಿನ ಅಂಚಿನಲ್ಲಿ ಕೆಂಪು ಹೊಳೆಯಬೇಕು. ಮೂಗಿಗೆ ಹುರಿದ ಕಾಳಿನ ವಾಸನೆ, ಬೆಲ್ಲದ ಪಾಕದ ವಾಸನೆ ಬರಬೇಕು. ಬಾಯಲ್ಲಿ ಮೊದಲು ತುಸು ಸಿಹಿ, ಆಮೇಲೆ ಹುರಿದ ರೊಟ್ಟಿಯ ಅಂಚಿನಂಥ ಒಣರುಚಿ, ಕಹಿ ಹಿಂದೆ ನಿಂತಿರಬೇಕು. ನೊರೆ, ಗುಳ್ಳೆ ಮೆತ್ತಗಿರಬೇಕು. ತೆಳುವಾಗಿದ್ದರೂ ನೀರಾಗಿರಬಾರದು. ಈ ಅಂತರವನ್ನು ಅಷ್ಟು ಕಡಿಮೆ ಕಾಳಿನಲ್ಲಿ ಸಾಧಿಸುವುದೇ ಬಿಯರು ಮಾಡುವವನ ನಿಜವಾದ ವಿದ್ಯೆ. ಬಲವಾದ ಬಿಯರಿನಲ್ಲಿ ತಪ್ಪುಗಳು ಅಮಲಿನ ಹಿಂದೆ, ಕಹಿಯ ಹಿಂದೆ ಅಡಗಿಕೊಳ್ಳುತ್ತವೆ. ಮೈಲ್ಡಿನಲ್ಲಿ ಅಡಗಲು ಜಾಗವಿಲ್ಲ. ಬೆಣ್ಣೆಯ ಜಿಡ್ಡು, ಎಳೆ ಸೇಬಿನ ವಾಸನೆ, ನೆನೆದ ರಟ್ಟಿನ ವಾಸನೆ ಬಂದರೆ ಅಂಕ ಕಡಿಯಿರಿ. ಹುಳಿ ಬಂದರೂ ಕಡಿಯಿರಿ. ಆದರೆ ಆ ಹುಳಿ ಎಲ್ಲಿಂದ ಬಂತು ಎಂದೂ ಕೇಳಿ. ಪೀಪಾಯಿ ತೆರೆದ ಮೇಲೆ ಗಾಳಿ ಒಳಗೆ ಹೋಗುತ್ತದೆ, ಮೂರು ದಿನದಲ್ಲಿ ಖಾಲಿಯಾಗಬೇಕು. ಕೆಡದಂತೆ ಕಾಯುವ ಹಾಪೂ ಅಮಲೂ ಮೈಲ್ಡಿನಲ್ಲಿ ಕಡಿಮೆ. ಕಾರ್ಖಾನೆ ಮುಚ್ಚಿತು, ಕುಡಿಯುವವರು ಚದುರಿದರು, ಪೀಪಾಯಿ ವಾರಗಟ್ಟಲೆ ಕೂತಿತು, ಬಿಯರು ಹುಳಿಯಾಯಿತು, ಹುಳಿಯಾದದ್ದನ್ನು ಕುಡಿದವನು ಮತ್ತೆ ಬರಲಿಲ್ಲ. ಎರಡನೆಯ ಮಹಾಯುದ್ಧದ ಮುಂಚೆ ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ಬಿಯರು ಮೂಲೆ ಸೇರಿದ್ದು ಹೀಗೆ. ಅದರ ರುಚಿ ಸಾಯುವ ಮೊದಲು ಅದನ್ನು ಕುಡಿಯುವವರ ಕೆಲಸ ಸತ್ತಿತ್ತು.

ನಾನು ಬೆಲ್ಲದ ಪಾಕ ಅಂದೆ. ಜಡ್ಜುಗಳ ಪುಸ್ತಕದಲ್ಲಿ ಅದು ಟಾಫಿ, ಕ್ಯಾರಮೆಲ್, ಬಿಸ್ಕತ್ತು. ಈ ಮಾತುಗಳು ಯಾರ ಅಡಿಗೆಮನೆಯಿಂದ ಬಂದವು? ಕ್ಯಾರಮೆಲ್ ತಿಳಿಯದ, ಆದರೆ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದವನ್ನು ವಾಸನೆಯಲ್ಲೇ ಹೇಳಬಲ್ಲ ಕೂಲಿಯವನ ಮೂಗು ದಡ್ಡ ಮೂಗೇ? ಅವನಿಗೆ ಶಬ್ದ ಕೊಡದೆ, ಅವನಿಗೆ ರುಚಿ ಇಲ್ಲ ಎನ್ನುವುದು ಹಳೆಯ ಆಟ. ಹಾಗೆಂದು ಮೇಲಿನವರ ನಾಲಗೆ ಶಾಶ್ವತವೂ ಅಲ್ಲ. ಕಾರ್ಖಾನೆ ಬಿಯರಿನ ವಿರುದ್ಧ 1971ರಲ್ಲಿ ಕುಡಿಯುವವರೇ ಕಟ್ಟಿದ ಕಾಮ್ರಾ ಎಂಬ ಸಂಘಟನೆ ಮೈಲ್ಡಿನ ಪರ ನಿಂತಿತು. ಅದರ ಸ್ಪರ್ಧೆಯಲ್ಲಿ ಬ್ರಿಟನ್ನಿನ ಶ್ರೇಷ್ಠ ಬಿಯರ್ ಎಂಬ ಪಟ್ಟ 2000ದಲ್ಲಿ ಗಿರಣಿಯೂರು ಬರ್ನ್ಲಿಯ ಬ್ಲ್ಯಾಕ್ ಕ್ಯಾಟ್ ಎಂಬ ಮೈಲ್ಡಿಗೆ, 2007ರಲ್ಲಿ ಹಾಬ್ಸನ್ಸ್ ಮೈಲ್ಡಿಗೆ, 2009ರಲ್ಲಿ ರಡ್ಜೇಟಿನ ರೂಬಿ ಮೈಲ್ಡಿಗೆ ಸಿಕ್ಕಿತು. ಹಾಬ್ಸನ್ಸ್ ಮೈಲ್ಡ್ ಬರೀ 3.2 ಪರ್ಸೆಂಟಿನದು. ನೀರು ನೀರು ಅಂದವರು ಎಲ್ಲಿ ಹೋದರು?

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಬಿಳಿಯ ಕೂಲಿಕಾರನ ಲೋಟವನ್ನು ನಾವು ಪೂಜೆಗೆ ಇಡಬೇಕಾಗಿಲ್ಲ. ಅದೇ ಬ್ಲ್ಯಾಕ್ ಕಂಟ್ರಿಯ ಪಕ್ಕದ ಸ್ಮೆದಿಕ್ ಊರಿಗೆ ಬನ್ನಿ. 1950ರ, 60ರ ದಶಕದಲ್ಲಿ ಅಲ್ಲಿನ ಎರಕದ ಮನೆಗಳಿಗೆ ಪಂಜಾಬಿನಿಂದ ಕೆಲಸಗಾರರು ಹೋದರು. ಅದೇ ಬೆಂಕಿ, ಅದೇ ಬೆವರು, ಅದೇ ದಾಹ. ಆದರೆ ಪಬ್ಬಿನಲ್ಲಿ ಮೈಬಣ್ಣ ನೋಡಿ ಕೋಣೆ. ಕೆಲವು ಕಡೆ ಸಾರ್ವಜನಿಕ ಬಾರಿನಲ್ಲಿ ಮಾತ್ರ ಕೊಡುತ್ತಿದ್ದರು, ಕೆಲವು ಕಡೆ ಎಲ್ಲೂ ಇಲ್ಲ. ಕಪ್ಪು ಬಿಯರು ಬೇಕು, ಕಪ್ಪು ಮನುಷ್ಯ ಬೇಡ! ಅವತಾರ್ ಸಿಂಗ್ ಜೌಹಲ್ ಮೊದಲಾದವರ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಪಬ್ಬು ಪಬ್ಬಿಗೆ ನುಗ್ಗಿ ಹೋರಾಡಿತು. 1965ರ ಫೆಬ್ರವರಿ 12ರಂದು ಅವರ ಕರೆಗೆ ಮಾಲ್ಕಂ ಎಕ್ಸ್ ಸ್ಮೆದಿಕ್ಕಿಗೆ ಬಂದರು. ಬ್ಲೂ ಗೇಟ್ಸ್ ಪಬ್ಬಿನ ಸ್ಮೋಕ್ ರೂಮಿನಲ್ಲಿ ಅವರಿಗೂ ಜೊತೆಗಿದ್ದವರಿಗೂ ಕೊಡುವುದಿಲ್ಲ ಎಂದರು. ಒಂಬತ್ತು ದಿನಕ್ಕೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅದೇ ವರ್ಷದ ಜನಾಂಗ ಸಂಬಂಧ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಭೇದವನ್ನು ಕಾನೂನುಬಾಹಿರ ಮಾಡಿತು.

ಟೀ ಅಂಗಡಿಯ ಸೂರಿನಡಿ ಸಿಕ್ಕಿಸಿದ ಬೇರೆ ಲೋಟವನ್ನು ಕಂಡ ನಮಗೆ ಈ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಲೂನಿನವನು ಸಾರ್ವಜನಿಕ ಬಾರಿನವನನ್ನು ತಳ್ಳಿದ. ಆ ತಳ್ಳಿಸಿಕೊಂಡವನೇ ಪಂಜಾಬಿನವನನ್ನು ತಳ್ಳಿದ. ಮೆಟ್ಟಿಲ ಮೇಲೆ ಮೆಟ್ಟಿಲು ಇಟ್ಟು ಪ್ರತಿಯೊಬ್ಬನಿಗೂ ತುಳಿಯಲು ಒಬ್ಬನನ್ನು ಕೊಡುವ ವ್ಯವಸ್ಥೆಯನ್ನು ಅಂಬೇಡ್ಕರ್ ನಮಗೆ ಗುರುತಿಸಲು ಕಲಿಸಿದ್ದಾರೆ.

ಇವತ್ತು ಬೆಂಗಳೂರಲ್ಲೂ ಬಿಯರ್ ಕುದಿಸುವ ಪಬ್ಬುಗಳಿವೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕೆ ನಾನು ಅಳುವವನಲ್ಲ. ಆದರೆ ಸಾರಾಯಿ ಕುಡಿದವನದು ಚಟ, ತಾಮ್ರದ ಹಂಡೆಯ ಪಕ್ಕ ಕೂತು ಲೋಟ ತಿರುಗಿಸಿ ಮೂಸುವವನದು ಅಭಿರುಚಿ ಅಂತಾರಲ್ಲ, ಆ ಭಾಷೆ ಬಗ್ಗೆ ಹುಷಾರಾಗಿರಿ ಗೆಳೆಯರೇ. ಎರಡರಲ್ಲೂ ಇರುವುದು ಅಮಲೇ. ಒಂದಕ್ಕೆ ಪೊಲೀಸು, ಇನ್ನೊಂದಕ್ಕೆ ಪದಕ.

ಅಂಕದ ಹಾಳೆಯನ್ನು ಹರಿದು ಹಾಕಿ ಎನ್ನುವುದಿಲ್ಲ. ಅಳೆಯುವುದು ಬೇಕು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಳ್ಳಿಯ ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು. ಹಾಗೆಯೇ, ಹಸಿದು ಬಂದ ಹುಡುಗನ ಉತ್ತರವನ್ನು ಓದುವಾಗ ಅವನ ಹಸಿವನ್ನೂ ಓದಬೇಕು ಎಂಬುದೂ ಗೊತ್ತು. ಆದ್ದರಿಂದ ವಾಸನೆಗೆ 12 ಹಾಕುವ ಮುಂಚೆ ಜಡ್ಜುಗಳು ಮೂರು ಪ್ರಶ್ನೆಗೆ ಉತ್ತರ ಬರೆಯಲಿ. ಇದನ್ನು ಯಾರು ಕುಡಿದರು? ಯಾಕೆ ಕುಡಿದರು? ಯಾವ ಕೋಣೆಯಲ್ಲಿ ಕೂರಿಸಿ ಕೊಟ್ಟರು? ಇದನ್ನು ಬರೆಯಲಾಗದವರು ಪೆನ್ಸಿಲ್ಲು ಕೆಳಗಿಡಲಿ.