ಕೀಲಿಕೈ ಕೊಟ್ಟರೆ ಹೆಡ್ ಮಾಸ್ತರ್ ಆದಂಗೇನು?

ಯಲಬುರ್ಗಾ: 2025ರ ಮೇ ತಿಂಗಳಿಂದ ಈ ಊರಿನ ಮೇಲೆ ಹಾದು ಕುಷ್ಟಗಿಗೆ ರೈಲು ಹೋಗುತ್ತಿದೆ. ರೈಲಿನ ಎಂಜಿನ್ನಿನಲ್ಲಿ ಓಡಿಸುವವನ ಮಗ್ಗುಲಿಗೆ ಒಬ್ಬ ಸಹಾಯಕ ಕೂತಿರುತ್ತಾನೆ. ಸಿಗ್ನಲ್ ನೋಡುವುದು, ಕೂಗಿ ಹೇಳುವುದು ಅವನ ಕೆಲಸ. ಹಾಗೆ ವರ್ಷಗಟ್ಟಲೆ ಮಗ್ಗುಲಲ್ಲಿ ಕೂತ ಮೇಲೇ ಅವನ ಕೈಗೆ ಗಾಡಿ ಸಿಗುವುದು.

ಪೇಟೆಯಲ್ಲೂ ಅದೇ ಪದ್ಧತಿ. ಯಾವ ಕಿರಾಣಿ ಅಂಗಡಿಯವರೂ ಮಗನನ್ನು ಒಮ್ಮಿಗೇ ಗಲ್ಲಾದ ಮುಂದೆ ಕೂಡಿಸುವುದಿಲ್ಲ. ಮೊದಲು ಪೊಟ್ಟಣ ಕಟ್ಟಬೇಕು, ತಕ್ಕಡಿ ಹಿಡೀಬೇಕು, ಉದ್ರಿ ವಹಿ ಬರೀಬೇಕು. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ನಗುನಗುತ್ತಲೇ 'ನಾಳಿ ಬರ್ರಿ' ಅನ್ನಬೇಕು ಎಂಬುದು ಅಪ್ಪನ ಪಕ್ಕದಲ್ಲಿ ಕೂತೇ ತಿಳಿಯುವ ವಿದ್ಯೆ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ನೂರಾರು ಮಕ್ಕಳ ಸಾಲಿ ನಡೆಸುವ ಹೆಡ್ ಮಾಸ್ತರಿಕೆ ಕಲಿಸುವವರು ಯಾರು? ಯಾರೂ ಇಲ್ಲ!

ನಡೆಯುವುದು ಹೀಗೆ. ಹಳೆಯ ಹೆಡ್ ಮಾಸ್ತರರು ನಿವೃತ್ತರಾಗುತ್ತಾರೆ. ಶಾಲು, ಹಾರ, ಫಲತಾಂಬೂಲ, ನಾಲ್ಕು ಭಾಷಣ. ಅದೇ ಸಂಜೆ ಕೀಲಿಕೈ ಗೊಂಚಲು, ಕ್ಯಾಶ್ ಬುಕ್ಕು, ದಾಖಲಾತಿ ವಹಿ ಇವಿಷ್ಟನ್ನು ಹಿರಿಯ ಶಿಕ್ಷಕರೊಬ್ಬರ ಮುಂದಿಟ್ಟು ಸಹಿ ಹಾಕಿಸಿಕೊಂಡರೆ 'ಚಾರ್ಜ್' ಕೊಟ್ಟಂತಾಯಿತು. ಮರುದಿನದಿಂದ ಅವರು ಪ್ರಭಾರಿ ಮುಖ್ಯೋಪಾಧ್ಯಾಯರು. ನಿನ್ನೆವರೆಗೆ ಗಣಿತವನ್ನೋ ಕನ್ನಡವನ್ನೋ ಚೆಂದಾಗಿ ಕಲಿಸುತ್ತಿದ್ದ ಮನುಷ್ಯ ಇಂದು ಪಾಠವನ್ನೂ ಮಾಡಬೇಕು, ಸಾಲಿಯನ್ನೂ ನಡೆಸಬೇಕು.

ಆ ಕುರ್ಚಿಯ ಕೆಲಸ ಸಣ್ಣದಲ್ಲ. 2001ರಿಂದ ಎಸ್.ಡಿ.ಎಂ.ಸಿ. ಇದೆ. ಅದರಲ್ಲಿ ಪಾಲಕರೂ ಇದ್ದಾರೆ, ಅವರ ಬೆನ್ನಿಗೆ ಊರಿನ ರಾಜಕೀಯವೂ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಅಂದಿನಿಂದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ಬಂತು. ಆಮೇಲೆ ಹಾಲಿನ ಪುಡಿ, ಮೊಟ್ಟೆ. ಈಗ ಎಲ್ಲವನ್ನೂ ಕಂಪ್ಯೂಟರಿಗೂ ತುಂಬಬೇಕು. ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ಹುಡುಗಿಯ ಹೆಸರಿನ ಒಂದು ಅಕ್ಷರ ತಪ್ಪಿದರೆ ಅವಳ ಅಪ್ಪ ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕು. ಬಸ್ಸಿನಲ್ಲಿ ಇಂಥ ಪಾಲಕರ ಗೋಳು ಕೇಳದವರು ಯಾರಿದ್ದಾರೆ?

ಇದೆಲ್ಲ ಲೆಕ್ಕಪತ್ರದ ಮಾತಾಯಿತು. ಅದನ್ನು ತಡವಾಗಿಯಾದರೂ ಕಲಿತಾರು. ಕಲಿಯಲಾಗದ್ದು ಬೇರೆ ಇದೆ. ಯಲಬುರ್ಗಾ ಎರಿ ಭೂಮಿಯ ತಾಲೂಕು. ಮಳೆ ಕೈಕೊಟ್ಟರೆ ಮಂದಿ ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಬೆಂಗಳೂರು. ಮಕ್ಕಳೂ ಬೆನ್ನು ಹತ್ತುತ್ತವೆ. ನುರಿತ ಹೆಡ್ ಮಾಸ್ತರ್ ಇದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಬೀಳುವ ಮುಂಚೆಯೇ ಆ ಮನೆಯ ಕಟ್ಟೆಗೆ ಹೋಗಿ ಕೂಡುತ್ತಾರೆ. 'ನೀವು ಹೋಗ್ರಿ, ಹುಡುಗಿನ್ನ ಅಜ್ಜಿ ಕಡೆ ಬಿಟ್ಟು ಹೋಗ್ರಿ, ಪರೀಕ್ಷಾ ಮುಗಿಯೋತನ ನಾವು ನೋಡ್ಕೋತೀವಿ' ಎನ್ನುತ್ತಾರೆ. ಯಾವ ಓಣಿಯಲ್ಲಿ ಯಾರ ಮಾತು ನಡೀತದ, ಯಾವ ಅಜ್ಜಿ ಒಪ್ಪುತ್ತಾಳೆ ಎಂಬ ತಿಳುವಳಿಕೆ ಕ್ಯಾಶ್ ಬುಕ್ಕಿನಲ್ಲಿ ಬರೆದಿಲ್ಲ. ಶಾಲು ಹೊದ್ದವರ ಜೊತೆ ಅದೂ ಮನೆಗೆ ಹೋಗುತ್ತದೆ.

ತರಬೇತಿಯೇ ಇಲ್ಲವೆಂದಲ್ಲ. ಧಾರವಾಡದಲ್ಲಿ ಸಿಮ್ಯಾಟ್ ಇದೆ, ಮುನಿರಾಬಾದಿನಲ್ಲಿ ಡಯಟ್ ಇದೆ. ದಿಲ್ಲಿಯ ನೀಪಾ ಸಂಸ್ಥೆಯಲ್ಲಿ ಶಾಲಾ ನಾಯಕತ್ವಕ್ಕೆಂದೇ 2012ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆದಿದ್ದಾರೆ. ಒಳ್ಳೆಯದೇ. ಆದರೆ ನಾಲ್ಕು ದಿನ ಫ್ಯಾನಿನ ಕೆಳಗೆ ಕೂತು ಉಪನ್ಯಾಸ ಕೇಳುವುದು ಬೇರೆ, ಸಿಟ್ಟಿಗೆದ್ದ ಪಾಲಕನನ್ನು ಹಿರಿಯರು ಹ್ಯಾಂಗ ಸಮಾಧಾನ ಮಾಡಿದರು ಎಂದು ಮಗ್ಗುಲಲ್ಲಿ ನಿಂತು ನೋಡುವುದು ಬೇರೆ. ಸಿಂಗಾಪುರದಲ್ಲಿ ಮುಂದೆ ಪ್ರಿನ್ಸಿಪಾಲರಾಗುವವರನ್ನು ಮೊದಲೇ ಆರಿಸಿ, ತಿಂಗಳುಗಟ್ಟಲೆ ಬೇರೆ ಕೆಲಸ ಬಿಡಿಸಿ ತಯಾರು ಮಾಡುತ್ತಾರೆ. ಬೇರೊಂದು ಸಾಲಿಗೂ ಕಳಿಸುತ್ತಾರೆ. ಅಷ್ಟು ದುಡ್ಡು ನಮ್ಮಲ್ಲಿ ಎಲ್ಲಿಂದ ತರೋಣ ಎಂದು ಸಾಹೇಬರು ಕೇಳಿಯಾರು.

ದುಡ್ಡು ಬೇಡ ಸ್ವಾಮಿ. ಸರ್ಕಾರಿ ನೌಕರನ ನಿವೃತ್ತಿಯಷ್ಟು ಮುಂಚಿತವಾಗಿ ಗೊತ್ತಿರುವುದು ಬೇರೇನಿದೆ? ನೌಕರಿ ಸೇರಿದ ದಿನವೇ ಅದು ಸರ್ವಿಸ್ ರಿಜಿಸ್ಟರಿನಲ್ಲಿ ಇರುತ್ತದೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ. ಮಳೆ ತಪ್ಪೀತು, ಈ ದಿನ ತಪ್ಪದು. ಹಾಗಿರುವಾಗ ಸರದಿಯಲ್ಲಿರುವ ಶಿಕ್ಷಕರನ್ನು ಮೊದಲೇ ಗುರುತಿಸಿ, ಜೂನಿನ ದಾಖಲಾತಿಗೆ ಕೆಲವು ದಿನ, ಗುಳೆ ಹೊರಡುವ ಹೊತ್ತಿಗೆ ಕೆಲವು ದಿನ, ಪರೀಕ್ಷೆಗೆ ಕೆಲವು ದಿನ ನುರಿತ ಹೆಡ್ ಮಾಸ್ತರರ ಜೊತೆ ಇರಲು ಬಿಟ್ಟರೆ ಆಗದೇನು? ಆ ದಿನಗಳ ಪಾಠಕ್ಕೆ ಅತಿಥಿ ಶಿಕ್ಷಕರಿದ್ದಾರೆ.

ಒಂದು ಎಚ್ಚರ ಮಾತ್ರ ಬೇಕು. ಹಿರಿಯರೆಲ್ಲ ಗುರುಗಳಲ್ಲ. ಹತ್ತಕ್ಕೆ ಸಹಿ ಹಾಕಿ ಹನ್ನೊಂದರ ಬಸ್ಸು ಹಿಡಿಯುವವರ ಪಕ್ಕ ಕೂಡಿಸಿದರೆ ಕಿರಿಯರು ಬಸ್ಸಿನ ಟೈಮನ್ನೇ ಕಲಿತಾರು! ಯಾರ ಕೈಕೆಳಗೆ ಕಳಿಸಬೇಕೆಂಬುದನ್ನು ಸೇವಾ ಹಿರಿತನ ನೋಡಿಯಲ್ಲ, ಸಾಲಿಯ ನಡಾವಳಿ ನೋಡಿ ತೀರ್ಮಾನಿಸಬೇಕು. ಕಲಿತವರಿಗೆ ಕೌನ್ಸೆಲಿಂಗಿನಲ್ಲಿ ಬೇರೆ ತಾಲೂಕು ಸಿಕ್ಕರೆ? ಸಿಗಲಿ. ಆ ತಾಲೂಕಿನಲ್ಲೂ ಮಕ್ಕಳೇ ಇರುತ್ತಾರೆ.

371(ಜೆ) ಬಂದ ಮೇಲೆ ಈ ಭಾಗದ ಮಂದಿಗೆ ಹುದ್ದೆಯಲ್ಲಿ ಮೀಸಲು ಸಿಕ್ಕಿತು, ಸಾಲಿ ಕೋಣೆಗಳಿಗೆ ಮಂಡಳಿಯ ದುಡ್ಡೂ ಬಂತು. ಆ ಕೋಣೆಯೊಳಗಿನ ಕುರ್ಚಿಯಲ್ಲಿ ಕೂಡುವವರನ್ನು ತಯಾರು ಮಾಡುವ ಮಾತು ಮಾತ್ರ ಯಾವ ಸಭೆಯಲ್ಲೂ ಕೇಳಿಬರುತ್ತಿಲ್ಲ. ಬರುವ ಮೇ 31ಕ್ಕೆ ತಾಲೂಕಿನಲ್ಲಿ ಯಾರ್ಯಾರು ಕುರ್ಚಿ ಬಿಡುತ್ತಾರೆಂಬ ಲೆಕ್ಕ ಬಿ.ಇ.ಓ. ಕಚೇರಿಯ ಕಪಾಟಿನಲ್ಲೇ ಇದೆ. ಅದನ್ನು ಈಗಲೇ ಹೊರತೆಗೆದು, ಆಯಾ ಸಾಲಿಗೆ ಒಬ್ಬೊಬ್ಬರನ್ನು ಜೊತೆಗೆ ಕೂಡಿಸಲು ಒಂದು ಹಾಳೆಯ ಆದೇಶ ಸಾಕು.