51ನೇ ಟೀ-ಶರ್ಟ್ ಯಾರದು?

ಐಶ್ವರ್ಯಾ ರೈ ಮತ್ತು ಅಭಿಷೇಕ್ ಬಚ್ಚನ್ ಅವರಿಗೆ 2025ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಮಧ್ಯಂತರ ರಕ್ಷಣೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರ ಕಣ್ಣು ಡೀಪ್‌ಫೇಕ್ ಮೇಲೆಯೇ ಇತ್ತು. ಅವರ ಚಿತ್ರವಿರುವ ಟೀ-ಶರ್ಟ್, ಮಗ್‌ಗಳ ಮಾರಾಟವೂ ಆ ಅರ್ಜಿಗಳಲ್ಲಿತ್ತು ಎಂಬುದು ಒಂದು ಸಾಲಿನಲ್ಲಿ ಮುಗಿದುಹೋಯಿತು. ಆ ಸಾಲನ್ನು ಗಮನಿಸಿದ ಕೆಲವರ ಉಪದೇಶವೂ ಒಂದೇ: ಅಭಿಮಾನಿ ಮರ್ಚಂಡೈಸ್ ಮಾಡುವವರು ಇನ್ನು ಮೇಲೆ ತಾರೆಯ ಮುಖ ಮುಟ್ಟಬಾರದು. ಸರಿ, ಮುಟ್ಟುವುದು ಬೇಡ. ಆದರೆ ಮುಖ ಮುಟ್ಟದೆ, ಸಿನಿಮಾದ ಒಂದು ಫ್ರೇಮನ್ನೂ ಎತ್ತದೆ, ತಮ್ಮದೇ ಕಲ್ಪನೆಯಿಂದ ಚಿತ್ರ ಬರೆದವರ ಪಾಡೇನು? ಅವರ ಹಕ್ಕನ್ನು ಕಸಿಯುತ್ತಿರುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 15(2)ರಲ್ಲಿ ಕೂತಿರುವ 50 ಎಂಬ ಸಂಖ್ಯೆ. ಈ ಸಂಖ್ಯೆ ಕಾಯ್ದೆಯಿಂದ ಹೋಗಬೇಕು.

ಸಿನಿಮಾ ಪಾಡ್‌ಕಾಸ್ಟ್‌ಗಳ ಮರ್ಚಂಡೈಸ್ ನೋಡಿದರೆ ಸಮಸ್ಯೆ ನಿಚ್ಚಳವಾಗುತ್ತದೆ. ಅಮೆರಿಕದ ‘ಹೌ ಡಿಡ್ ದಿಸ್ ಗೆಟ್ ಮೇಡ್?’ 2010ರಲ್ಲಿ ಶುರುವಾದ ಪಾಡ್‌ಕಾಸ್ಟ್. ಕೆಟ್ಟುಹೋದ ಸಿನಿಮಾಗಳನ್ನು ಆರಿಸಿ ಹರಟುವುದೇ ಅದರ ಕಸುಬು. 1991ರ ‘ಡ್ರಾಪ್ ಡೆಡ್ ಫ್ರೆಡ್’ ಚಿತ್ರದ ಹರಟೆಯಲ್ಲಿ ಕೂತವರು ಎರಡು ಬಣವಾದರು. ‘ಟೀಮ್ ಫ್ರೆಡ್’, ‘ಟೀಮ್ ಸ್ಯಾನಿಟಿ’ ಎಂಬ ಆ ಬಣಗಳ ಹೆಸರನ್ನು ಕೇಳುಗರು ಟೀ-ಶರ್ಟಿನ ಮೇಲೆ ಹೊತ್ತು ತಿರುಗಿದರು. ಅಂಥ ಅಂಗಿಗೆ ನಟನ ಮುಖವಾಗಲಿ, ಪೋಸ್ಟರಿನ ನಕಲಾಗಲಿ ಬೇಕಿಲ್ಲ. ಆ ಕಂತು ಕೇಳಿದವರಿಗೆ ಮಾತ್ರ ಅರ್ಥವಾಗುವ ಮಾತೊಂದಿದೆ, ಅದಕ್ಕೊಂದು ರೂಪ ಕೊಟ್ಟ ಕಲಾವಿದರ ಕೈಯಿದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು. ಹಾಗಾಗಿ ಎರಡೇ ಬಣ್ಣದಲ್ಲಿ, ಹತ್ತಡಿ ದೂರದಿಂದಲೂ ಓದುವಂಥ ಅಕ್ಷರದಲ್ಲಿ ಇಡೀ ಹರಟೆಯ ಧಾಟಿಯನ್ನು ಹಿಡಿಯಬೇಕು. ಇದು ಸಲೀಸಾದ ಕೆಲಸವಲ್ಲ. ಕೇಳುಗ ದುಡ್ಡು ಕೊಡುವುದೂ ಆ ಕೆಲಸಕ್ಕೇ.

ಇಂಥ ಅಂಗಿಯಲ್ಲಿ ಸಿನಿಮಾದ ಹೆಸರೇ ಇದ್ದರೂ ಕೃತಿಸ್ವಾಮ್ಯದ ತಕರಾರು ನಮ್ಮಲ್ಲಿ ನಿಲ್ಲುವುದು ಕಷ್ಟ. ‘ದೇಸಿ ಬಾಯ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದಿದೆ. ಸಿನಿಮಾದ ಕಡೆಯಿಂದ ಬರುವ ಅಪಾಯಕ್ಕೆ ಗಡಿಗಳಿವೆ, ಆ ಗಡಿಗಳು ಬಹುಮಟ್ಟಿಗೆ ಗೊತ್ತಿವೆ. ಗೊತ್ತಿಲ್ಲದ್ದು ಇನ್ನೊಂದು ಕಡೆಯ ಅಪಾಯ.

ಒಂದು ಚಿತ್ರ ಕಾಗದದ ಮೇಲೆ ಇರುವವರೆಗೆ ಅದು ಕಲಾಕೃತಿ. ಅದನ್ನು ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ ಕಾನೂನಿನ ಕಾವಲಿದೆ. ಅದೇ ಚಿತ್ರ ಟೀ-ಶರ್ಟಿಗೆ ಅಥವಾ ಮಗ್ಗಿಗೆ ಇಳಿದು, ವಿನ್ಯಾಸ ಕಾಯ್ದೆಯಡಿ ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದೆ, ಔದ್ಯಮಿಕ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಬಾರಿ ಮರುಮುದ್ರಣವಾದರೆ ಆ ವಿನ್ಯಾಸದ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯಿತು. ಈ ಲೆಕ್ಕಕ್ಕೆ ಬರುವುದು ಕದ್ದವರು ಮುದ್ರಿಸಿದ ಪ್ರತಿಗಳಲ್ಲ; ಹಕ್ಕುದಾರರೇ ಅಥವಾ ಅವರ ಪರವಾನಗಿ ಪಡೆದವರು ಮುದ್ರಿಸಿದವು. ಐವತ್ತನ್ನು ಒಂದೇ ಕಂತಿನಲ್ಲಿ ಮುದ್ರಿಸಿರಬೇಕು ಎಂದೂ ಸೆಕ್ಷನ್ ಹೇಳುವುದಿಲ್ಲ. ಆರ್ಡರ್ ಬಂದಾಗ ಒಂದೊಂದೇ ಅಂಗಿ ಮುದ್ರಿಸಿ ಕಳಿಸುವ ಇಂದಿನ ಪದ್ಧತಿಯಲ್ಲೂ ಎಣಿಕೆ ಏರುತ್ತಲೇ ಹೋಗುತ್ತದೆ. ಕೇಳುಗರು ಮೆಚ್ಚಿ ಕೊಂಡಷ್ಟೂ ಕಲಾವಿದರ ಹಕ್ಕು ಕೊನೆಗೆ ಹತ್ತಿರವಾಗುತ್ತದೆ.

ದೊಡ್ಡವರೇ ಈ ಸೆಕ್ಷನ್ನಿಗೆ ಸಿಕ್ಕಿದ್ದಾರೆ. ಹೆಸರಾಂತ ವಸ್ತ್ರವಿನ್ಯಾಸಕಿ ರಿತು ಕುಮಾರ್ ಅವರ ಕಂಪನಿ, ತನ್ನ ಮುದ್ರಿತ ವಿನ್ಯಾಸಗಳನ್ನು ನಕಲು ಮಾಡಲಾಗಿದೆ ಎಂದು ಬೀಬಾ ಕಂಪನಿಯ ವಿರುದ್ಧ ಹೂಡಿದ್ದ ದಾವೆ 2016ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ನೋಂದಣಿ ಇರಲಿಲ್ಲ, ಉಡುಪುಗಳು 50 ದಾಟಿದ್ದವು. ಅದಕ್ಕೂ ಮೊದಲು, 2008ರಲ್ಲಿ, ಅದೇ ಹೈಕೋರ್ಟಿನಲ್ಲಿ ತರುಣ್ ತಹಿಲಿಯಾನಿ ಅವರ ಸಂಸ್ಥೆಗೆ ರಕ್ಷಣೆ ಸಿಕ್ಕಿತ್ತು. ಅಲ್ಲಿ ಉಡುಪುಗಳ ಸಂಖ್ಯೆ 50 ಮೀರಿರಲಿಲ್ಲ. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದ ಯಾರಿಗಾದರೂ ಸಿಟ್ಟು ಬರಬೇಕು. ಶ್ರೀಮಂತರಿಗಾಗಿ ಬೆರಳೆಣಿಕೆಯಷ್ಟು ಉಡುಪು ಹೊಲಿಸುವವರ ಚಿತ್ರಕ್ಕೆ ಜೀವಮಾನದ ರಕ್ಷಣೆ. ನೂರು ಕೇಳುಗರಿಗೆ ಅಗ್ಗದ ಅಂಗಿ ಮಾರುವವರ ಚಿತ್ರಕ್ಕೆ ಏನೂ ಇಲ್ಲ. ಯಾವ ನೀತಿಯ ಲೆಕ್ಕದಲ್ಲಿ ಇದು ಸರಿ?

‘ನೋಂದಣಿ ಮಾಡಿಸಿದರೆ ಆಯಿತಲ್ಲ, ವ್ಯಕ್ತಿಗಳಿಗೆ ಶುಲ್ಕ ಬರೀ ₹1,000’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆನ್ನುವವರು 2000ದ ವಿನ್ಯಾಸ ಕಾಯ್ದೆಯ ಸೆಕ್ಷನ್ 4 ಓದಬೇಕು. ಅರ್ಜಿ ಸಲ್ಲಿಸುವ ಮೊದಲೇ ಪ್ರಕಟವಾದ ವಿನ್ಯಾಸಕ್ಕೆ ನೋಂದಣಿಯಿಲ್ಲ. ಪಾಡ್‌ಕಾಸ್ಟಿನ ಮರ್ಚಂಡೈಸ್ ಹುಟ್ಟುವುದೇ ಇದಕ್ಕೆ ವಿರುದ್ಧವಾದ ಕ್ರಮದಲ್ಲಿ. ಸೋಮವಾರದ ಕಂತಿನಲ್ಲಿ ಒಂದು ಮಾತು ಹಾರುತ್ತದೆ, ಮಂಗಳವಾರ ಕೇಳುಗರೊಬ್ಬರು ಅದನ್ನು ಚಿತ್ರ ಮಾಡಿ ಇನ್‌ಸ್ಟಾಗ್ರಾಮ್‌ಗೆ ಏರಿಸುತ್ತಾರೆ, ವಾರ ಕಳೆಯುವುದರೊಳಗೆ ‘ಇದು ಅಂಗಿ ಆಗಲಿ’ ಎಂಬ ಬೇಡಿಕೆ ಬರುತ್ತದೆ. ಕೋಲ್ಕತ್ತದ ವಿನ್ಯಾಸ ಕಚೇರಿಯ ನೆನಪಾಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಇನ್ನು ಒಂದು ನೋಂದಣಿ ಒಂದೇ ವರ್ಗಕ್ಕೆ: ಉಡುಪು ಎರಡನೇ ವರ್ಗ, ಮಗ್ ಏಳನೆಯದು. ಒಂದೇ ಚಿತ್ರಕ್ಕೆ ಎರಡೆರಡು ಅರ್ಜಿ. ಇಷ್ಟೆಲ್ಲ ಮಾಡಿ ಗೆದ್ದರೂ ಸೆಕ್ಷನ್ 22ರಡಿ ನಿಗದಿಯಾಗಿರುವ ಮೊತ್ತ ಪ್ರತಿ ಉಲ್ಲಂಘನೆಗೆ ಗರಿಷ್ಠ ₹25,000, ಒಂದು ವಿನ್ಯಾಸಕ್ಕೆ ಒಟ್ಟು ₹50,000. ವಕೀಲರ ಶುಲ್ಕಕ್ಕೂ ಅದು ಸಾಲದು.

ತಾರೆಯ ಸ್ಥಿತಿ ಹೇಗಿದೆ ನೋಡಿ. ವ್ಯಕ್ತಿತ್ವದ ಹಕ್ಕಿಗೆಂದೇ ಸಂಸತ್ತು ಮಾಡಿದ ಕಾಯ್ದೆ ಈ ದೇಶದಲ್ಲಿಲ್ಲ. ನೋಂದಣಿ ಬೇಡ, ವರ್ಗ ಬೇಡ, ಪ್ರತಿಗಳ ಎಣಿಕೆ ಬೇಡ. ನ್ಯಾಯಾಲಯಗಳು ತೀರ್ಪಿನಿಂದ ತೀರ್ಪಿಗೆ ಆ ಹಕ್ಕನ್ನು ಕಟ್ಟುತ್ತ ಬಂದಿವೆ. ತಾರೆಗೆ ಅದು ಸಿಗಬಾರದು ಎಂದು ನಾನು ಹೇಳುತ್ತಿಲ್ಲ. ಮುಖಕ್ಕೆ ಸಿಗುವ ಗೌರವ ಕೈಗೂ ಸಿಗಲಿ ಎಂದು ಕೇಳುತ್ತಿದ್ದೇನೆ.

ಈ ಐವತ್ತು ಬಂದದ್ದಾದರೂ ಎಲ್ಲಿಂದ? ಬ್ರಿಟಿಷ್ ಕಾನೂನಿನಿಂದ. ಅಲ್ಲಿನ 1911ರ ಕೃತಿಸ್ವಾಮ್ಯ ಕಾಯ್ದೆ ಮತ್ತು ಅದರ ನಿಯಮಗಳಲ್ಲಿದ್ದ ಎಣಿಕೆಯನ್ನು ನಾವು 1957ರಲ್ಲಿ ನಮ್ಮದಾಗಿಸಿಕೊಂಡೆವು. ಬ್ರಿಟನ್ 1988ರ ಕಾಯ್ದೆಯಲ್ಲಿ ಅದನ್ನು ಸಡಿಲಿಸಿತು; 50 ದಾಟಿದರೂ 25 ವರ್ಷದ ರಕ್ಷಣೆ ಉಳಿಯುತ್ತಿತ್ತು. 2016ರ ಜುಲೈ 28ರಿಂದ ಆ ಮಿತಿಯನ್ನೂ ಕಿತ್ತುಹಾಕಿತು. ಎರವಲು ಕೊಟ್ಟ ಮನೆಯವರೇ ಎಸೆದದ್ದನ್ನು ನಾವು ಇನ್ನೂ ಜೋಪಾನ ಮಾಡುತ್ತಿದ್ದೇವೆ. 2025ರ ಏಪ್ರಿಲ್‌ನಲ್ಲಿ ಕ್ರಯೋಗ್ಯಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 15(2)ಕ್ಕೆ ಎರಡು ಹಂತದ ಪರೀಕ್ಷೆಯೊಂದನ್ನು ಹಾಕಿಕೊಟ್ಟಿತು. ದ್ರವೀಕೃತ ಅನಿಲ ಸಾಗಿಸುವ ಟ್ರೇಲರ್‌ಗಳ ನಕ್ಷೆಯ ಜಗಳವದು. ಕಲಾಕೃತಿ ಎಲ್ಲಿ ಮುಗಿದು ವಿನ್ಯಾಸ ಎಲ್ಲಿ ಶುರುವಾಗುತ್ತದೆ ಎಂಬುದು ಸ್ವಲ್ಪ ತಿಳಿಯಾಯಿತು, ನಿಜ. ಆದರೆ ಶಾಸಕಾಂಗ ಬರೆದ ಸಂಖ್ಯೆಯನ್ನು ಶಾಸಕಾಂಗವೇ ಅಳಿಸಬೇಕು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಬೆಂಗಳೂರಿನ ಆಟೊಗಳ ಬೆನ್ನಿನ ಮೇಲೆ ಶಂಕರ್‌ನಾಗ್ ಚಿತ್ರ ಬಂದದ್ದು ಯಾವ ಕಂಪನಿಯ ಪರವಾನಗಿಯಿಂದಲೂ ಅಲ್ಲ, ಸ್ಟಿಕ್ಕರ್ ಅಂಗಡಿಯವರ ಕೈಚಳಕದಿಂದ, ಚಾಲಕರ ಪ್ರೀತಿಯಿಂದ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಟೀ-ಶರ್ಟ್‌ಗಳ ಭರಾಟೆ. ಒಬ್ಬರು ತಿದ್ದಿ ತೀಡಿದ ಅಕ್ಷರ ಇನ್ನೊಬ್ಬರ ಬಟ್ಟೆಯ ಮೇಲೆ ಕಾಣಿಸಿಕೊಳ್ಳುವುದು ಹೊಸದೇನಲ್ಲ. ಕನ್ನಡದಲ್ಲಿ ಸಿನಿಮಾ ಹರಟುವ ಪಾಡ್‌ಕಾಸ್ಟ್‌ಗಳಿಗೆ ದೊಡ್ಡ ಜಾಹೀರಾತುದಾರರು ಸಿಗುವುದು ಕಷ್ಟ. ಕೆಲವು ನೂರು ನಿಷ್ಠಾವಂತ ಕೇಳುಗರು ಕೊಳ್ಳುವ ಅಂಗಿ, ಸ್ಟಿಕ್ಕರ್‌ಗಳೇ ಮೈಕ್‌ನ ಖರ್ಚು ತೂಗಿಸಬಲ್ಲವು. ಆ ಕೆಲವು ನೂರು ಎಂಬುದೇ ಐವತ್ತನ್ನು ದಾಟಿದ ಸಂಖ್ಯೆ.

ಜವಳಿ ಉದ್ಯಮದ ಆಕ್ಷೇಪಕ್ಕೆ ತೂಕವಿದೆ. ಪ್ರತಿ ಹೂಬಳ್ಳಿಗೂ ಜೀವಮಾನದ ಏಕಸ್ವಾಮ್ಯ ಕೊಟ್ಟರೆ ಕಡಿಮೆ ಬಂಡವಾಳದ ಮುದ್ರಕರು ಬದುಕುವುದು ಹೇಗೆ ಎಂದು ಅವರು ಕೇಳುತ್ತಾರೆ. ಅದಕ್ಕೂ ದಾರಿಯಿದೆ. ಐರೋಪ್ಯ ಒಕ್ಕೂಟದಲ್ಲಿ 2002ರಿಂದ ನೋಂದಣಿಯಿಲ್ಲದ ವಿನ್ಯಾಸಕ್ಕೂ, ಸಾರ್ವಜನಿಕರ ಮುಂದೆ ಬಂದ ದಿನದಿಂದ ಮೂರು ವರ್ಷ, ನಕಲಿನ ವಿರುದ್ಧ ರಕ್ಷಣೆಯಿದೆ. ನಮ್ಮ ಸೆಕ್ಷನ್ 15(2)ರಿಂದ 50 ಅನ್ನು ತೆಗೆದು ಅಂಥ ಮೂರು ವರ್ಷವನ್ನು ಅಲ್ಲಿ ಕೂರಿಸಿದರೆ ಹಳೆಯ ಹೂಬಳ್ಳಿಗಳು ಮುದ್ರಕರಿಗೆ ಮುಕ್ತವಾಗಿಯೇ ಉಳಿಯುತ್ತವೆ. ಪಾಡ್‌ಕಾಸ್ಟಿನ ಅಂಗಿಗೆ ಗಿರಾಕಿ ಇರುವುದು ಆ ಮಾತು ಕೇಳುಗರ ಬಾಯಲ್ಲಿ ಇರುವಷ್ಟು ಕಾಲ. ಅದನ್ನು ಬರೆದ ಕಲಾವಿದರಿಗೆ ಮೂರು ವರ್ಷ ಧಾರಾಳವಾಗಿ ಸಾಕು.